ಚಕ್ರದ ತುಂಬ ಕಣ್ಣು

ಅಕ್ಟೋಬರ್ 12, ಭಾನುವಾರ

ಬೈಬಲಿನ ಯೆಹೆಜ್ಕೇಲ ಪ್ರವಾದಿ ದರ್ಶನದಲ್ಲಿ ಕಂಡ ಆ ಚಕ್ರಗಳು ಇನ್ನೂ ನನ್ನ ತಲೆಯೊಳಗೆ ತಿರುಗುತ್ತಿವೆ. ಅಂಚಿನ ಸುತ್ತ ಬರೀ ಕಣ್ಣುಗಳಂತೆ! ದೇವರಿಗೆ ಎಲ್ಲವೂ ಕಾಣುತ್ತದೆ ಎಂದು ಅದರ ಅರ್ಥವಂತೆ. ಸಂಡೇ ಸ್ಕೂಲಿನ ಟೀಚರ್ ಹೇಳಿದ್ದು. ಅದನ್ನು ಕೇಳಿ ಬಂದ ಮಗಳು ಮುಖ ಸಪ್ಪೆ ಮಾಡಿಕೊಂಡು ಊಟಕ್ಕೂ ಬರಲಿಲ್ಲ.

ಇಪ್ಪತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವವನಿಗೆ ಚಕ್ರದ ಪಾಠ ಬೇರೆಯವರು ಹೇಳಬೇಕೇ? ಕಡ್ಡಿಗಳನ್ನೆಲ್ಲ ಬಿಚ್ಚಿದ ಒಂದು ರಿಮ್ ತಂದು ತೋರಿಸಿದೆ. ಸುತ್ತಲೂ ಮೂವತ್ತಾರು ತೂತು. "ನೋಡು, ಆ ಕಣ್ಣು ಅಂದ್ರೆ ಇಷ್ಟೇ ಇರ್ಬೇಕು" ಎಂದು ಬೀಗಿದೆ.

ಅವಳು ಒಂದು ತೂತಿಗೆ ಕಣ್ಣಿಟ್ಟು ನನ್ನನ್ನೇ ನೋಡಿದಳು.

"ಅಪ್ಪಾ, ಅವು ತಪ್ಪು ಹಿಡಿಯೋಕೇ ನೋಡ್ತಾವಾ? ಇಲ್ಲಾ, ನಾನು ಸೈಕಲ್ ಕಲಿಯೋವಾಗ ನೀನು ಸೀಟು ಬಿಟ್ಬಿಟ್ಟು, ಬಿದ್ದುಬಿಡ್ತಾಳೇನೋ ಅಂತ ನೋಡ್ತಾ ಹಿಂದೇನೇ ಓಡಿ ಬಂದ್ಯಲ್ಲ, ಹಾಗಾ?"

ಟೀಚರಿಗೂ ಹೊಳೆಯದ ಅರ್ಥ. ಅದಿರಲಿ. ಅವತ್ತು ಬೀದಿಯುದ್ದಕ್ಕೂ "ಹಿಡ್ಕೊಂಡಿದೀನಿ, ಹಿಡ್ಕೊಂಡಿದೀನಿ" ಎಂದು ಕೂಗುತ್ತಲೇ ಓಡಿದ್ದೆ. ಅವಳು ಒಂದು ಸಲವೂ ಹಿಂದಿರುಗಿ ನೋಡಿರಲಿಲ್ಲ.

ಮತ್ತೆ ನಾನು ಕೈಬಿಟ್ಟಿದ್ದು ಅವಳಿಗೆ ಹೇಗೆ ಗೊತ್ತು?