ಹೊಗೇನಕಲ್ಲಿನಲ್ಲಿ ನಿಮ್ಮಣ್ಣ ಕೇಳಿಸಿಕೊಂಡ ಮಾತು

ಊರಿಗಾಂ ಲೈನು, ಚಿನ್ನದ ಗಣಿ,
೫-೧೧-೧೯೩೬, ಗುರುವಾರ

ಪ್ರೀತಿಯ ಆಂಜಿನಪ್ಪಾ,

ನಿನ್ನ ಅತ್ತಿಗೆ ಆದಿಲಕ್ಷ್ಮಮ್ಮ ಬರೆಯುತ್ತಿದ್ದೇನೆ. ಕಾಲು ಹೇಗಿದೆ? ಕಟ್ಟು ಬಿಚ್ಚಿದರೇ, ಊರಿ ನಡೆಯುತ್ತೀಯೋ, ಇಲ್ಲ ಇನ್ನೂ ಕೋಲೇ ಗತಿಯೋ? ನೋವಿದ್ದರೆ ಇದೆ ಅಂತ ಬರೆ, ಗಂಡಸುತನ ತೋರಿಸಬೇಡ. ದೊಡ್ಡಮ್ಮನ ಕೆಮ್ಮು ಇಳಿಯಿತೇ? ಬೆಳಗಾಗೆದ್ದು ತಣ್ಣೀರಲ್ಲಿ ಪಾತ್ರೆ ತೊಳೆಯಬೇಡಿ ಅಂತ ನಾನು ಹೇಳಿದೆನೆಂದು ಹೇಳು. ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳು. ಎಮ್ಮೆ ಕರು ಹಾಕಿತೋ ಇಲ್ಲವೋ ನೀನು ಬರೆಯಲೇ ಇಲ್ಲ. ರಾಗಿ ತೆನೆ ಬಲಿತಿದೆ ಅಂತ ಬಂಗಾರಪೇಟೆ ಸಂತೆಗೆ ಬಂದವರು ಹೇಳಿದರು, ಕೇಳಿ ಸಂತೋಷವಾಯಿತು. ನಾವಿಲ್ಲಿ ಇದ್ದೇವೆ. ಅನಸೂಯಳ ಜ್ವರ ಬಿಟ್ಟಿದೆ. ನನಗೇನೂ ಕಾಯಿಲೆಯಿಲ್ಲ, ಬರೀ ಸುಸ್ತು. ಎದ್ದಾಗಲೂ ಸುಸ್ತು, ಮಲಗಿದಾಗಲೂ ಸುಸ್ತು.

ಈ ಕಾಗದವನ್ನು ನೀನೇ ಓದಿಕೋ. ಅಕ್ಷರ ಡೊಂಕು ಅಂತ ಮೇಷ್ಟ್ರ ಹತ್ತಿರ ಒಯ್ಯಬೇಡ. ಇಷ್ಟು ದಿನ ನಿಮ್ಮಣ್ಣ ಎದುರಿಗೆ ಕೂತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಇವತ್ತು ಅವರು ಕೆಲಸಕ್ಕಿಳಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೇನೆ. ಹೋದ ಸಲ ನೀನು ಒಂದು ಸಾಲು ಬರೆದಿದ್ದೆ, "ಅತ್ಗೆ, ನಾನ್ ಬರೋಗಂಟ ಅಣ್ಣನ್ನ ಗಣಿಗೆ ಇಳಿಯಾಕ್ ಬುಡಬ್ಯಾಡ, ಯಾಕೆ ಅಂತ ಕೇಳಬ್ಯಾಡ" ಅಂತ. ನಾನು ಕೇಳಲಿಲ್ಲ. ಈಗ ಕೇಳಬೇಕಾಗಿಯೂ ಇಲ್ಲ. ನಿಮ್ಮಣ್ಣನಿಗೆ ಕಿವಿ ಕೇಳುವುದಿಲ್ಲ. ನಿನಗೆ ಅದು ಮೊದಲಿನಿಂದ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಏಳು ವರ್ಷದವನಿದ್ದಾಗಿನಿಂದ ನಿನಗೆ ತಲೆಗೆ ಎಣ್ಣೆ ಹಾಕಿ, ಮುದ್ದೆ ಇಕ್ಕಿ ಬೆಳೆಸಿದವಳು ನಾನು. ನನಗೆ ಹೇಳದೆ ಹೇಗೆ ಇಟ್ಟುಕೊಂಡೆಯೋ ಮಾರಾಯ? ಸಿಟ್ಟು ಬಂದಿದೆ. ಆದರೆ ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ, ಅದಿಲ್ಲ.

ನನಗೆ ಗೊತ್ತಾದದ್ದು ಹೇಗೆ ಅಂತ ಹೇಳುತ್ತೇನೆ. ಆಯುಧಪೂಜೆಗೆ ಹಾರೆ, ಕೊಡಲಿ, ಗರಗಸಕ್ಕೆಲ್ಲ ಅರಿಶಿನ ಕುಂಕುಮ ಹಚ್ಚಿ ಮುಗಿದ ಮೇಲೆ, ರಜೆ ಇದೆಯಲ್ಲ ಅಂತ ಲೈನಿನವರು ಹೊಗೇನಕಲ್ಲಿಗೆ ಹೋಗೋಣ ಅಂತ ಹೊರಟರು. ಹೊರಡಿಸಿದವನು ಕುಪ್ಪುಸ್ವಾಮಿ. ನೀನು ಊರಿಗೆ ಹೋದ ಮೇಲೆ ನಿಮ್ಮಣ್ಣನ ಕೈಕೆಳಗೆ ಹಾಕಿದ್ದಾರಲ್ಲ, ಆ ತಮಿಳಿನ ಹುಡುಗ. ಹೆಂಡತಿ ಮುನಿಶಾಮಮ್ಮ ನಮ್ಮ ಕಡೆಯವಳೇ, ಈಗ ಏಳು ತಿಂಗಳ ಬಸುರಿ, ನಮ್ಮ ಸಾಲಿನಲ್ಲೇ ಮನೆ. ಇವನು ಬಾಯಿಬಡುಕ. ನೀರು ಕಲ್ಲಿನ ಮೇಲೆ ಬಿದ್ದು ಹೊಗೆ ಏಳುತ್ತದಂತೆ, ಬುಟ್ಟಿಯಂಥ ಹರಿಗೋಲಿನಲ್ಲಿ ಕೂರಿಸಿಕೊಂಡು ಅದರ ಬುಡಕ್ಕೇ ಕರೆದುಕೊಂಡು ಹೋಗುತ್ತಾರಂತೆ ಅಂತ ಒಂದು ವಾರ ತಲೆ ತಿಂದ. ಬೆನ್ನು ನೋವು ಅಂತ ಮನೆಯಲ್ಲೇ ಇದ್ದ ನಿಮ್ಮಣ್ಣ ಬರುವುದಿಲ್ಲ ಅಂದುಕೊಂಡಿದ್ದೆ. "ಓಗ್ಬರಾನ ನಡಿ, ಮದ್ವೆಯಾದಾಗಿಂದ ಎಲ್ಲೂ ಓಗಿಲ್ಲ ನೀನು" ಅಂದರು. ನನಗೆ ಆಶ್ಚರ್ಯ.

ಹೋಗುವುದೇನು ಸುಲಭವೇ? ಇಲ್ಲಿಂದ ಬಂಗಾರಪೇಟೆ, ಅಲ್ಲಿ ರೈಲು ಬದಲಾಯಿಸಿ ಜೋಲಾರಪೇಟೆ, ಮತ್ತೆ ಬದಲಾಯಿಸಿ ಇನ್ನೊಂದು, ಆಮೇಲೆ ಧರ್ಮಪುರಿಗೆ ಒಂದು ಪುಟ್ಟ ರೈಲು. ಅದರ ಪಕ್ಕದಲ್ಲಿ ನಡೆದುಕೊಂಡು ಹೋದವರು ನಮಗಿಂತ ಮೊದಲು ಸೇರಿದರೋ ಏನೋ. ಅಲ್ಲಿಂದ ಬಸ್ಸು, ಬಸ್ಸಿಳಿದ ಮೇಲೆ ಗಾಡಿ. ಕಟ್ಟಿಕೊಂಡು ಹೋದ ಬುತ್ತಿ ಹಳಸಿತು. ನನ್ನ ಸೊಂಟ ಮುರಿದುಹೋಯಿತು. ನೀರು ನೋಡುವುದಕ್ಕೆ ಇಷ್ಟೊಂದು ಒದ್ದಾಡಬೇಕಾ, ಲೈನಿನ ನಲ್ಲಿಯ ಹತ್ತಿರ ಸರತಿ ನಿಂತರೆ ಸಾಲದಾ ಅಂತ ಬೈದುಕೊಂಡೇ ಹೋದೆ. ನಿಮ್ಮಣ್ಣ ಪಾಪ, ಗಾಡಿಯಲ್ಲಿ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು. ಅದನ್ನು ನಾನು ಪ್ರೀತಿ ಅಂದುಕೊಂಡೆ.

ಅಲ್ಲಿ ಹರಿಗೋಲಿನವನ ಹೆಸರು ಪೆರುಮಾಳ್. ಒಣಗಿದ ಮೈ, ನರಗಳೆಲ್ಲ ಮೇಲೆದ್ದಿವೆ. ತಮಿಳು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಾನೆ, ನಮಗದು ಹೊಸದಲ್ಲವಲ್ಲ. ಹರಿಗೋಲು ಅಂದರೆ ಬಿದಿರು ಹೆಣೆದು, ತಳಕ್ಕೆ ತೊಗಲು ಬಿಗಿದ ದೊಡ್ಡ ಮಂಕರಿ, ಅಷ್ಟೇ. ಮುನಿಶಾಮಮ್ಮನನ್ನು ನೋಡುತ್ತಲೇ ಅವನು ಕೈಯಾಡಿಸಿಬಿಟ್ಟ. "ಬಸ್ರಿ ಎಂಗ್ಸನ್ನ ಏರಿಸ್ಕೊಳ್ಳಲ್ಲಮ್ಮ, ಎಷ್ಟ್ ಕೇಳ್ಕೊಂಡ್ರೂ ಇಲ್ಲ" ಅಂದ. ಅವಳು ಕಣ್ಣೀರು ಹಾಕಿಕೊಂಡು ದಡದಲ್ಲೇ ಕೂತಳು. ನಾನೂ ಉಳಿಯುತ್ತೇನೆ ಅಂದರೆ ಅವಳೇ ಬಿಡಲಿಲ್ಲ, "ನೀನ್ ಓಗಕ್ಕ, ನೋಡ್ಕೊಂಡ್ ಬಂದು ನಂಗೆ ಏಳು" ಅಂದಳು. ಅನಸೂಯಳನ್ನು ಅವಳ ಹತ್ತಿರ ಬಿಟ್ಟು ನಾನು, ನಿಮ್ಮಣ್ಣ, ಕುಪ್ಪುಸ್ವಾಮಿ ಮೂವರೂ ಹತ್ತಿದೆವು, ಉಳಿದವರು ಬೇರೆ ಹರಿಗೋಲು ಹಿಡಿದರು. ಮಧ್ಯದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, ಎದ್ದು ನಿಲ್ಲಬಾರದು, ಒಂದೇ ಕಡೆಗೆ ವಾಲಬಾರದು ಅಂತ ಪೆರುಮಾಳ್ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ದಾರಿಯುದ್ದಕ್ಕೂ ಈ ಬಂಡೆಗೆ ಈ ಹೆಸರು, ಆ ಮಡುವಿನ ಆಳ ಕಂಡವರಿಲ್ಲ ಅಂತ ತೋರಿಸುತ್ತ ಹುಟ್ಟು ಹಾಕಿದ. ಎರಡು ಕಡೆಯೂ ಕಲ್ಲಿನ ಗೋಡೆ, ಮಧ್ಯೆ ಹಸಿರು ನೀರು. ನಿಮ್ಮಣ್ಣ ತಲೆಯೆತ್ತಿ ಆ ಕಲ್ಲನ್ನೇ ನೋಡುತ್ತಿದ್ದರು. ಎಲ್ಲಿ ಹೋದರೂ ಇವರಿಗೆ, ಗಣಿಯೊಳಗಿನ ಹಾಗೆ, ಮೇಲಿನ ಕಲ್ಲು ಕುಸಿಯದಂತೆ ಎಲ್ಲಿ ಮರ ಕೊಡಬೇಕು, ಎಲ್ಲಿ ಆನಿಸಬೇಕು ಅನ್ನುವುದೇ ಯೋಚನೆ ಅಂತ ನಾನು ನಕ್ಕೆ.

ಹತ್ತಿರ ಹೋಗುತ್ತ ಹೋಗುತ್ತ ಸದ್ದು ದಪ್ಪವಾಯಿತು. ಪೆರುಮಾಳ್ ಬಾಯಿಗೆ ಬೆರಳಿಟ್ಟು, ಇನ್ನು ಕೈಸನ್ನೆಯೇ ಅಂತ ತೋರಿಸಿದ. ತಿರುವು ದಾಟಿದರೆ ಎದುರಿಗೇ ಬಿತ್ತು ನೋಡು ನೀರು. ಒಂದಲ್ಲ, ಎಷ್ಟು ಕಡೆಯಿಂದಲೋ. ಹೊಗೆಯೆದ್ದು ಮುಖವೆಲ್ಲ ತೇವವಾಯಿತು. ಕುಪ್ಪುಸ್ವಾಮಿ ಬಾಯಿ ತೆರೆದು ಏನೋ ಕೂಗುತ್ತಿದ್ದಾನೆ, ನನಗೆ ಒಂದಕ್ಷರ ಕೇಳಿಸಲಿಲ್ಲ. ಎದೆಯೊಳಗೆಲ್ಲ ಅದೇ ಸದ್ದು. ಅಷ್ಟು ನೀರನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು, ಅಳು ಬಂತು ಕಣೋ. ನನ್ನ ದನಿ ನನಗೇ ಕೇಳಿಸುವುದಿಲ್ಲ ಅಂದ ಮೇಲೆ ಯಾರಿಗೆ ಕೇಳಿಸೀತು ಅಂತ ಧೈರ್ಯವೂ ಬಂತು. ಇಷ್ಟು ವರ್ಷ ಯಾರೆದುರೂ ಆಡದ ಮಾತನ್ನು ಅಲ್ಲಿ ಆಡಿಬಿಟ್ಟೆ. ನನಗೆ ಸಾಕಾಗಿದೆ, ದಿನಾ ಪಾಳಿ ಮುಗಿದ ಗಣಿಯ ಕೂಗು ಆಗುವ ತನಕ ಜೀವ ಕೈಯಲ್ಲಿ ಹಿಡಿದು ಕೂತಿರುವುದು ಸಾಕಾಗಿದೆ, ಎಲ್ಲಿಗಾದರೂ ಹೋಗಿಬಿಡೋಣ ಅಂದೆ. ಮೆಲ್ಲಗೆ ಅಂದೆ, ದೇವರ ಮುಂದೆ ಅಂದುಕೊಳ್ಳುವ ಹಾಗೆ. ನಿಮ್ಮಣ್ಣ ಎದುರಿಗಿದ್ದರು. ನನ್ನ ಮಂಡಿಯ ಮೇಲೆ ಕೈಯಿಟ್ಟು, ಮುಂದೆ ಬಗ್ಗಿ, ನನ್ನ ಕಿವಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಅಂದರು, "ಓಗೋದಾದ್ರೆ ಎಲ್ಲಿಗೇ ಓಗೋದು? ನಂಗೂ ಸಾಕಾಗೈತೆ ಕಣೇ."

ಹಿಂದಕ್ಕೆ ಬರುವಾಗ ನನಗೆ ಎಷ್ಟು ಹಗುರವಾಗಿತ್ತು ಅಂತೀಯಾ! ಒಂದು ವರ್ಷದಿಂದ ಅಡಿಗೆಮನೆಯಿಂದ ಕೂಗಿದರೆ ಓಗೊಡದ ಗಂಡ, ಬೆನ್ನ ಹಿಂದೆ ನಿಂತು ಎರಡು ಸಲ ಕರೆದರೂ ತಿರುಗದ ಗಂಡ, ಅಂಥ ಸದ್ದಿನಲ್ಲಿ ನನ್ನ ಪಿಸುಮಾತನ್ನು ಕೇಳಿಸಿಕೊಂಡರಲ್ಲ ಅಂತ. ಓಗೊಡದಿದ್ದಾಗಲೆಲ್ಲ ನಾನು ಸೊಕ್ಕು ಅಂತ ಜಗಳ ತೆಗೆದಿದ್ದೆ, ಆಷಾಢದಲ್ಲಿ ನಾಲ್ಕು ದಿನ ಮಾತೇ ಬಿಟ್ಟಿದ್ದೆ. ಅದನ್ನೆಲ್ಲ ನೆನೆಸಿಕೊಂಡು ನಾಚಿಕೊಳ್ಳುತ್ತ ಕೂತಿದ್ದೆ. ಆಗ ನೀರು ನಿಶ್ಶಬ್ದವಾಗಿತ್ತು. ಹುಟ್ಟಿನಿಂದ ಹನಿ ಬಿದ್ದರೂ ಕೇಳಿಸುತ್ತಿತ್ತು. ಒಂದು ಕಡೆ ಬಂಡೆ ನೀರಿನ ಮೇಲೆ ಚಾಚಿಕೊಂಡಿತ್ತು. ನಿಮ್ಮಣ್ಣನ ಹಿಂದೆ ಕೂತಿದ್ದ ಪೆರುಮಾಳ್ "ತಲೆ ಬಗ್ಸಿ, ತಲೆ!" ಅಂತ ಕೂಗಿದ. ನಾನೂ ಕುಪ್ಪುಸ್ವಾಮಿಯೂ ಬಗ್ಗಿದೆವು. ನಿಮ್ಮಣ್ಣ ನನ್ನನ್ನೇ ನೋಡುತ್ತ ನೆಟ್ಟಗೆ ಕೂತಿದ್ದರು. ಕಲ್ಲು ತಲೆಯ ಹಿಂಭಾಗಕ್ಕೆ ಬಡಿಯಿತು, ರಕ್ತ ಬಂತು. ಕುಪ್ಪುಸ್ವಾಮಿ, "ಅಣ್ಣ ಅಕ್ಕನ್ನ ನೋಡ್ತಾ ಮೈ ಮರ್ತ್ಬುಟ್ರು" ಅಂತ ನಕ್ಕ. ನಾನು ಸೆರಗಿನಿಂದ ಒತ್ತಿ ಹಿಡಿದೆ. ಸದ್ದಿರುವ ಕಡೆ ಕೇಳಿಸಿ, ಸದ್ದಿಲ್ಲದ ಕಡೆ ಕೇಳಿಸದೆ ಹೋಗುವುದು ಎಂಥ ಕಿವಿ ಅಂತ ಅಲ್ಲೇ ಹೊಳೆಯಿತು. ಅವರು ಕೇಳಿಸಿಕೊಂಡಿರಲಿಲ್ಲ. ನನ್ನ ತುಟಿ ನೋಡಿದ್ದರು.

ಮನೆಗೆ ಬಂದು ಪರೀಕ್ಷೆ ಮಾಡಿದೆ. ಪಾಪದ ಕೆಲಸ ಅಂತ ಗೊತ್ತು. ಬೆನ್ನ ಹಿಂದೆ ಹಿತ್ತಾಳೆ ತಟ್ಟೆ ಬೀಳಿಸಿದೆ, ಅಲುಗಲಿಲ್ಲ. ಹೆಸರು ಹಿಡಿದು ಕರೆದೆ ಆಂಜಿನಪ್ಪಾ, ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲನೇ ಸಲ ಗಂಡನ ಹೆಸರು ಹಿಡಿದು ಕೂಗಿದೆ. ಬೀಡಿ ಸೇದುತ್ತ ಹಾಗೇ ಕೂತಿದ್ದರು. ಎದುರಿಗೆ ಬಂದು ಮುದ್ದೆ ಬೇಕಾ ಅಂತ ತುಟಿ ಆಡಿಸಿದರೆ, ಒಂದೇ ಸಾಕು ಅಂದರು. ಊಟಕ್ಕೆ ಕೂರುವಾಗ ದೀಪ ನನ್ನ ಕಡೆಗೆ ಸರಿಸುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಮರದ ಕೆಲಸ ಏನು ಅಂತ ನಿನಗೆ ನಾನು ಹೇಳಬೇಕಾ? ಮಡಕೆ ಕೊಳ್ಳುವಾಗ ನಾವು ಬೆರಳಲ್ಲಿ ತಟ್ಟಿ ನೋಡುವ ಹಾಗೆ, ಹಾರೆಯಲ್ಲಿ ಮೇಲಿನ ಕಲ್ಲನ್ನು ತಟ್ಟಿ, ಖಣ್ಣೆಂದರೆ ಗಟ್ಟಿ, ಬೊದ್ದೆಂದರೆ ಸಡಿಲ ಅಂತ ಹೇಳುವುದು ನಿಮ್ಮಣ್ಣನ ಕೆಲಸ. ಅವರು ಸರಿ ಅಂದ ಮೇಲೆಯೇ ಉಳಿದವರು ಕೆಳಗೆ ಹೋಗಿ ನಿಲ್ಲುವುದು. ಇಷ್ಟು ದಿನ ಅವರು ತಟ್ಟುತ್ತಿದ್ದರು, ನೀನು ಕೇಳಿಸಿಕೊಂಡು ಬೆನ್ನು ಮುಟ್ಟಿ ಹೇಳುತ್ತಿದ್ದೆ, ಅಲ್ಲವಾ? ನೀನು ಕಾಲು ಮುರಿದುಕೊಂಡು ಹೋದ ಮೇಲೆ ಅವರು ಒಂದು ತಿಂಗಳು ಬೆನ್ನು ನೋವು ಅಂತ ಮನೆಯಲ್ಲಿ ಉಳಿದರು. ಹೋದ ಸೋಮವಾರ ಮೇಸ್ತ್ರಿ ಹೇಳಿ ಕಳಿಸಿದರು, ಹೋಗಲೇಬೇಕಾಯಿತು. ಈಗ ಕುಪ್ಪುಸ್ವಾಮಿ ಪಕ್ಕದಲ್ಲಿರುತ್ತಾನೆ. ಅವನಿಗೆ ಗೊತ್ತಿಲ್ಲ. ಆ ಕತ್ತಲೆಯಲ್ಲಿ ಯಾರ ತುಟಿ ಕಾಣುತ್ತದೆ?

ನಾಲ್ಕು ದಿನದಿಂದ ಇದನ್ನೇ ಅರೆಯುತ್ತಿದ್ದೇನೆ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಲೈನಿನ ಮನೆ ಬಿಡಬೇಕು. ಅದಕ್ಕಿಂತ ಹೆಚ್ಚಾಗಿ, ನಿಮ್ಮಣ್ಣ ನನ್ನ ಮುಖ ನೋಡುವುದು ಬಿಟ್ಟುಬಿಟ್ಟರೆ? ಮುಖ ನೋಡದಿದ್ದರೆ ಅವರಿಗೆ ನನ್ನ ಮಾತೂ ಇಲ್ಲ. ಹೇಳದಿದ್ದರೆ ಏನಾದೀತು ಅನ್ನುವುದನ್ನು ಬರೆಯಲಾರೆ. ಅದಕ್ಕೇ ಕೇಳುತ್ತಿದ್ದೇನೆ, ನಾಚಿಕೆ ಬಿಟ್ಟು. ಕಾಲು ಸ್ವಲ್ಪ ಕುಂಟಿದರೂ ಪರವಾಗಿಲ್ಲ, ಈ ಭಾನುವಾರದೊಳಗೆ ಬಾ. ಮೊದಲಿನ ಹಾಗೆ ಅವರ ಜೊತೆಗೆ ನೀನೇ ಇಳಿ. ನೀನು ಬರುವವರೆಗೆ ನಾನು ಬಾಯಿ ಬಿಡುವುದಿಲ್ಲ. ಮುರಿದ ಕಾಲನ್ನು ಎಳೆದುಕೊಂಡು ಬಾ ಅನ್ನುವ ಇವಳೆಂಥ ಅತ್ತಿಗೆ ಅಂತ ಬೈದುಕೋ, ಆದರೆ ಬಾ.

ದೊಡ್ಡಮ್ಮನಿಗೆ ನಮಸ್ಕಾರ ಹೇಳು. ಅನಸೂಯ ಚಿಕ್ಕಪ್ಪನನ್ನು ಕೇಳುತ್ತಿದ್ದಾಳೆ. ನಮ್ಮ ವೆಂಕಟರಮಣ ನಿನ್ನ ಕಾಲನ್ನೂ ಅವರ ತಲೆಯನ್ನೂ ಕಾಯಲಿ.

ನಿನ್ನ ಅತ್ತಿಗೆ,
ಆದಿಲಕ್ಷ್ಮಮ್ಮ

ಮರೆತ ಮಾತು: ಕಾಗದ ಮಡಿಸುವಷ್ಟರಲ್ಲಿ ಮುನಿಶಾಮಮ್ಮ ಹೆಪ್ಪಿಗೆ ಒಂದು ಚೂರು ಮಜ್ಜಿಗೆ ಬೇಕು ಅಂತ ಬಂದಳು. ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲೇ ಕೂತು, "ನಮ್ಮೋರ್ನ ನಿಮ್ ಸೊಣ್ಣಪ್ಪಣ್ಣನ ಜೊತೆ ಆಕವ್ರೆ ಅಂದ್ಮೇಲೆ ನಂಗೆ ಯೋಚ್ನೆಯೇ ಇಲ್ಲಕ್ಕ, ಅಣ್ಣನ ಕಿವಿ ಅಂಥಾದ್ದಂತೆ, ನಾನ್ ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ" ಅಂದಳು. ನನ್ನಿಂದ ಆಗಲಿಲ್ಲ ಆಂಜಿನಪ್ಪಾ. ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿಬಿಟ್ಟೆ. ಮಜ್ಜಿಗೆ ಬಟ್ಟಲು ಇಲ್ಲೇ ಬಿಟ್ಟು, ಆ ಹೊಟ್ಟೆಯಲ್ಲಿ, ಮೇಸ್ತ್ರಿ ಮನೆ ಕಡೆ ಓಡಿದಳು. ನೀನು ಬರಬೇಡ. ಗಣಿಗೆ ಬರಲೇಬೇಡ. ಊರಲ್ಲಿ ನಮಗೊಂದು ಕೋಣೆ ಖಾಲಿ ಮಾಡಿಸಿ ಇಡು. ಈಗ ಒಂದೂವರೆ ಗಂಟೆ, ಇಬ್ಬರೂ ಇನ್ನೂ ಕೆಳಗಿದ್ದಾರೆ. ಮೂರಕ್ಕೆ ಮೇಲೆ ಬರುತ್ತಾರೆ. ಬೇರೆ ಯಾರೋ ಹೇಳುವುದಕ್ಕೆ ಮೊದಲು ನಾನೇ ಗೇಟಿನ ಹತ್ತಿರ ಹೋಗಿ ಬಿಸಿಲಲ್ಲಿ ನಿಲ್ಲುತ್ತೇನೆ. ನಾನೇ ಹೇಳಿದ್ದು ಅನ್ನುವುದನ್ನು ಅವರು ನನ್ನ ತುಟಿಯಲ್ಲೇ ಓದಿಕೊಳ್ಳಲಿ.