ಆ ಚಳಿಗಾಲದ ಸಾಲು ನಾನೇ ಹಾಕಿದ್ದು

ಧನಕವಡಿ, ಪುಣೆ
14 ಡಿಸೆಂಬರ್ 1998, ಸೋಮವಾರ

ಪ್ರೀತಿಯ ಮಾಂತು ಅಣ್ಣಾ,

ಈ ಪತ್ರದಲ್ಲೂ ಒಂದು ಮಾತನ್ನು ಬರೆಯದೆ ಬಿಡುವುದರಲ್ಲಿದ್ದೆ. ಎರಡು ಹಾಳೆ ಹರಿದ ಮೇಲೆ ಅದನ್ನೇ ಮೊದಲು ಬರೆಯುತ್ತಿದ್ದೇನೆ: ನವೆಂಬರಿನಲ್ಲಿ ನಿನಗೆ ಬಂದ ಆಟದ ನಡೆಗಳು ಅಪ್ಪನವಲ್ಲ, ನನ್ನವು. ಇಂಗ್ಲಿಷಿನಲ್ಲಿ ಬರೆದಿದ್ದರೆ ಇದನ್ನು ನಯವಾಗಿ ಸುತ್ತಿ ಹೇಳುತ್ತಿದ್ದೆನೇನೋ. ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಅದನ್ನೇ.

ನಿನ್ನ ಸೊಂಟನೋವು ಹೇಗಿದೆ? ಭಿಲಾಯಿಯಲ್ಲಿ ಚಳಿ ಜೋರಾಗಿರಬೇಕು, ಬೆಳಗಿನ ಪಾಳಿಗೆ ಹೋಗುವಾಗ ಮಫ್ಲರ್ ಮರೆಯಬೇಡ. ವೈನಿಯ ಕಣ್ಣಿನ ಪೊರೆ ತೆಗೆಸಿದಿರಾ? ನಾನು ಆರಾಮ ಇದ್ದೇನೆ ಎಂದು ಪ್ರತಿ ಸಲ ಬರೆಯುತ್ತೇನೆ. ಈ ಸಲ ಬರೆಯುವುದಿಲ್ಲ.

ಖಡಕಿಯ ಮಿಲಿಟರಿ ಆಫೀಸಿನಲ್ಲಿ ಅಪ್ಪ ಗುಮಾಸ್ತರಾಗಿದ್ದಾಗ, ವರ್ಗವಾಗಿ ಹೊರಟ ಮೇಜರ್ ಒಬ್ಬರು ಆ ಯುದ್ಧದಾಟದ ಪೆಟ್ಟಿಗೆ ಕೊಟ್ಟು ಹೋದದ್ದು ನಿನಗೆ ನೆನಪಿದ್ದೇ ಇದೆ. ಜೇನುಗೂಡಿನಂತೆ ಆರು ಮೂಲೆಯ ಮನೆಗಳ ನಕ್ಷೆ, ನಡುವೆ ಉದ್ದಕ್ಕೂ ನದಿ, ರೈಲು, ಊರುಗಳು. ನೀನು ದಾಳಿ ಮಾಡುವವನು, ಅಪ್ಪ ತಡೆಯುವವರು. ಕಳೆದುಹೋದ ಕಾಯಿಗಳ ಬದಲಿಗೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಹೊಸ ಕಾಯಿ ಮಾಡುವುದು ನನ್ನ ಕೆಲಸ. ನನಗೂ ಒಂದಾಟ ಕೊಡಿ ಎಂದರೆ ನೀನು, "ನೀ ಕಾಯಿ ಕತ್ತರಸು ಪಂಕಿ, ಯುದ್ಧ ನಮಗ ಬಿಡು" ಅನ್ನುತ್ತಿದ್ದೆ. ಅಪ್ಪ ನಗುತ್ತಿದ್ದರು. ಕತ್ತರಿಸುತ್ತ ನಾನು ನೋಡುತ್ತಿದ್ದೆ. ನೋಡಬೇಡ ಎಂದು ಯಾರೂ ಹೇಳಲಿಲ್ಲ.

ನೀನು ಭಿಲಾಯಿಗೆ ಹೋದ ಮೇಲೆ ನಕ್ಷೆಯ ಝೆರಾಕ್ಸ್ ಮಾಡಿಸಿಕೊಂಡು ಅಂಚೆಯಲ್ಲೇ ಆಟ ಮುಂದುವರಿಸಿದಿರಿ. ಅಪ್ಪನ ಕೈ ನಡುಗತೊಡಗಿದಂದಿನಿಂದ ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಅದು ನಿನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇದು: ಈ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಅಪ್ಪ ಒಂದು ಕಾಯಿಯನ್ನು ಅಡಿಕೆಯೆಂದು ಬಾಯಿಗೆ ಹಾಕಿಕೊಂಡರು. ಆಮೇಲೆ ನಿನ್ನ ಪತ್ರ ಬಂದಾಗ ನಕ್ಷೆಯ ಮುಂದೆ ಕೂರಿಸಿದೆ. ಲಗ್ನಪತ್ರಿಕೆಯ ಕಾಯಿಗಳನ್ನು ಒಂದು ತಾಸು ಹೊರಳಿಸಿ ನೋಡಿ, ಮದುವೆ ಯಾರದು ಎಂದು ಕೇಳಿದರು. ನಿನ್ನೆದುರು ಅವರ ಮಾನ ಉಳಿಯಲಿ ಎಂದು ನಾನೇ ನಡೆಸಿದೆ.

ಚಳಿಗಾಲದ ಸರದಿ ಬಂದಾಗ ಒಂಬತ್ತು ದಿನ ಯೋಚಿಸಿದೆ. ಆಫೀಸಿನ ಬಸ್ಸಿನಲ್ಲೂ ಅದೇ ಧ್ಯಾನ. ಆಟದ ಡಿಸೆಂಬರಿನಲ್ಲಿ ನದಿ ಹೆಪ್ಪುಗಟ್ಟುತ್ತದೆ, ನಿನ್ನ ಟ್ಯಾಂಕುಗಳು ಅದರ ಮೇಲೆಯೇ ನಡೆದು ಬರುತ್ತವೆ. ಬಯಲಲ್ಲಿ ನಿಂತ ಕಾಯಿ ಚಳಿಗೇ ಅರ್ಧವಾಗುತ್ತದೆ. ಆದ್ದರಿಂದ ನದಿಯನ್ನು ಪೂರ್ತಿ ಬಿಟ್ಟುಕೊಟ್ಟು ರೈಲುದಾರಿಯ ಮೂರು ಊರುಗಳಿಗೆ ಹಿಂದೆ ಸರಿದೆ. ಒಂದು ಕಾಯಿ ತನ್ನ ಸುತ್ತಲಿನ ಆರೂ ಮನೆಗಳನ್ನು ಕಾಯುತ್ತದಲ್ಲ, ಹಾಗಾಗಿ ಎರಡೆರಡು ಮನೆ ಖಾಲಿ ಬಿಟ್ಟು ಒಂದೊಂದೇ ಕಾಯಿ ಇಟ್ಟು ಸಾಲು ಹಾಕಿದೆ. ಉಳಿದವನ್ನು ಹಿಂದೆ ಬೆಚ್ಚಗೆ ಇರಿಸಿದೆ.

ಆ ನಡೆ ನಿನಗೆ ತಲುಪಿದ ವಾರವೇ ಅಪ್ಪ ಮನೆಯಿಂದ ಹೊರಬಿದ್ದು ಕಾತ್ರಜದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮರಾಠಿ ಕಂಡಕ್ಟರನಿಗೆ ಕನ್ನಡದಲ್ಲಿ, "ಬೆಳಗಾಂವಿ ಗಾಡಿ ಎಷ್ಟಕ್ಕ ಅದ್ರಿ?" ಎಂದು ಕೇಳುತ್ತಲೇ ಇದ್ದರಂತೆ. ನಾನು ಹೋಗಿ ಕೈ ಹಿಡಿದರೆ, "ಬಾಯಾರ, ನೀವು ಯಾರ ಪೈಕಿ?" ಅಂದರು, ಗುರುತಿಲ್ಲದ ಹೆಂಗಸನ್ನು ಕೇಳುವಂತೆ. ಅವತ್ತು ನಿನಗೆ ಫೋನ್ ಮಾಡಿ, ಬಂದು ಕೆಲವು ತಿಂಗಳಾದರೂ ಅವರನ್ನು ಕರೆದುಕೊಂಡು ಹೋಗು ಎಂದೆ. ನೀನು ನಕ್ಕೆ. "ಹುಚ್ಚಿ, ತಲಿ ಕೆಟ್ಟ ಮನಷ್ಯಾ ಹಿಂಗ ಲೈನ್ ಹಾಕ್ತಾನೇನ? ನದಿ ಬಿಟ್ಟು ಸರದಾನ ಮುದುಕ! ತಲಿ ಇನ್ನ ಚಾಕು ಅದ. ನೀ ಸುಮ್ನ ಅಂಜಬ್ಯಾಡ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎಸ್‌ಟಿಡಿ ಬೂತಿನಿಂದ ಮನೆಗೆ ನಡೆಯುವಾಗ ನನಗೆ ಸಿಟ್ಟಿಗಿಂತ ಮೊದಲು ಖುಷಿಯಾಯಿತು, ಅಣ್ಣಾ. ನಲವತ್ತಾರು ವರ್ಷಗಳಲ್ಲಿ ನೀನು ನನ್ನ ಬುದ್ಧಿಯನ್ನು ಹೊಗಳಿದ್ದು ಅದೊಂದೇ ಸಲ, ಅದೂ ಅಪ್ಪನ ಹೆಸರಿನಲ್ಲಿ. ಅಪ್ಪನ ಮಾನಕ್ಕಾಗಿ ಆಡಿದೆನೋ, ಆ ಖುಷಿಗಾಗಿಯೋ? ಕೇಳಿಕೊಂಡಷ್ಟೂ ಉತ್ತರ ಬದಲಾಗುತ್ತದೆ. ನೀನು ಬಾರದಿರಲು ನೆಪ ಒದಗಿಸಿದವಳು ನಾನೇ ಎಂಬುದು ಮಾತ್ರ ಬದಲಾಗುವುದಿಲ್ಲ. ಆದರೆ ಒಂದು ಮಾತು. ನಾಲ್ಕು ವರ್ಷಗಳ ನಿನ್ನ ಪತ್ರಗಳನ್ನು ಮೊನ್ನೆ ತೆಗೆದು ನೋಡಿದೆ. ಮನೆಗಳ ನಂಬರುಗಳಿವೆ, ದಾಳಿಗಳಿವೆ, ಸವಾಲುಗಳಿವೆ. ಅಪ್ಪ ಊಟ ಮಾಡುತ್ತಾರೋ ಇಲ್ಲವೋ ಎಂದು ಒಂದರಲ್ಲೂ ನೀನು ಕೇಳಿಲ್ಲ.

ವೈನಿಗೆ ನಮಸ್ಕಾರ. ಸ್ವಪ್ನಿಲನಿಗೆ ಅತ್ತೆಯ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ.

ನಿನ್ನ ತಂಗಿ,
ಪಂಕಜಾಕ್ಷಿ

ತಾ.ಕ.: ನನಗೆ ನಾಗಪುರಕ್ಕೆ ಬಡ್ತಿಯ ಮೇಲೆ ವರ್ಗವಾಗಿದೆ. ಎರಡು ಸಲ ಬೇಡವೆಂದಿದ್ದೆ, ಈ ಸಲ ಒಪ್ಪಿ ಸಹಿ ಹಾಕಿ ಕೊಟ್ಟಾಗಿದೆ. ಜನವರಿ ಹನ್ನೊಂದಕ್ಕೆ ಅಲ್ಲಿ ಹಾಜರಾಗಬೇಕು. ಅದರೊಳಗೆ ನೀನೇ ಬಂದು ಅಪ್ಪನನ್ನು ಕರೆದೊಯ್ಯಬೇಕು. ಇದು ಬೆದರಿಕೆಯಲ್ಲ, ಆದರೆ ಇದರಲ್ಲಿ ಸಿಟ್ಟಿಲ್ಲ ಎಂದೂ ಹೇಳಲಾರೆ. ಡಾಕ್ಟರರು ಬುಧವಾರ ಅಪ್ಪನ ಸ್ಥಿತಿಯ ಬಗ್ಗೆ ಬರೆದುಕೊಡುತ್ತಾರೆ. ಅದನ್ನು ಇದರೊಳಗಿಟ್ಟು ಗುರುವಾರ, ಡಿಸೆಂಬರ್ ಹದಿನೇಳರಂದು, ಅಂಚೆಗೆ ಹಾಕುತ್ತೇನೆ.