ಯಮನವ್ವ ಬೆನ್ನು ಊರಿ ಮಲಗಿದಳು

ಮಾಡಗ್ಯಾಳ, 14-11-1974

ಅಕ್ಕಾ, ನಮಸ್ಕಾರ.

ನಮ್ಮ ದವಾಖಾನೆಯಲ್ಲಿರುವ ಕುರಿಗಾರರ ಅಜ್ಜಿ ಯಮನವ್ವ ಅಂತೂ ನಿನ್ನೆ ಬೆನ್ನು ಊರಿ ಮಲಗಿದಳು. ಬೆನ್ನುಮೂಳೆಯ ಕ್ಯಾನ್ಸರ್, ವಾಸಿಯಾಗುವುದಿಲ್ಲ. "ದೊಡ್ಡ ಟಗರು ಹೊತ್ತಂಗ ಆಗೈತ್ರಿ, ನರ್ಸಬಾಯಾರ" ಎನ್ನುತ್ತ ವಾರವಿಡೀ ಮಲಗಲಾಗದೆ ಗೋಡೆಗೆ ಒರಗಿ ಕುಳಿತಿದ್ದಳು. ನೋವು ಏರಿದ ಮೇಲೆ ಕೊಡುತ್ತಿದ್ದ ಔಷಧಿಯನ್ನು ಏರುವ ಮೊದಲೇ, ನಾಲ್ಕು ಗಂಟೆಗೊಮ್ಮೆ ಕೊಡೋಣವೆಂದು ಡಾಕ್ಟರರನ್ನು ಒಪ್ಪಿಸಿದೆ. ಮೂರನೆಯ ದಿನವಾದ ನಿನ್ನೆ "ಈಗ ಮರಿಯಷ್ಟ ಐತ್ರಿ" ಎಂದು ನಕ್ಕು, ರೊಟ್ಟಿ ಕೇಳಿದಳು. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಇಲ್ಲಿನ ನೀರು ಸವಳಾದರೂ ನನ್ನ ಹೊಟ್ಟೆ ಈಗ ಸರಿಯಿದೆ. ಟಪಾಲಿನವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಕೆಲಸ ಬಿಟ್ಟು ಬರುತ್ತೇನೆಂದು ಹೋದ ವಾರ ಬರೆದ ಕಾರ್ಡನ್ನು ಅಮ್ಮನಿಗೆ ಓದಿ ಹೇಳಬೇಡ, ಹರಿದುಹಾಕು.

ನಿನ್ನ ತಂಗಿ,
ವನಜಾಕ್ಷಿ